ಮೈಲಾರಿಯ ಬಣ್ಣ ತಪ್ಪಿರಲಿಲ್ಲ

ಒಡಹುಟ್ಟಿದ ತಮ್ಮನ ಬಲಗೈಯನ್ನು ಕುದಿಯುವ ಬಣ್ಣದ ಹಂಡೆಯೊಳಗೆ ಅದ್ದಿ ಹಿಡಿದವಳು ನಾನು. ಅವನು ತಪ್ಪು ಮಾಡಿರಲಿಲ್ಲ. ಇಪ್ಪತ್ತು ದಿನದೊಳಗೆ ಅದು ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ಇದನ್ನು ಮೊದಲೇ ಹೇಳಿಬಿಟ್ಟೆ. ಸುತ್ತುಬಳಸಿ ಬಂದರೆ ನನ್ನ ನಾಲಿಗೆ ನಡುದಾರಿಯಲ್ಲಿ ಬೇರೆ ಕಡೆ ತಿರುಗುತ್ತದೆ — ಅದರ ಚಾಳಿ ನನಗೆ ಗೊತ್ತು.

ನಾನು ಶರಣಮ್ಮ. ತೆಲುಗು ಗಡಿಯ ಈ ನಾರಾಯಣಪೇಟೆಯಲ್ಲಿ ನಾಲ್ಕು ಮಗ್ಗ ನಡೆಸಿದವಳು. ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಕೂತಿದ್ದೆ, ಅಷ್ಟೇ. ಅಕ್ಷರ ಸೊಟ್ಟ ಇದ್ದರೆ ನಕ್ಕುಬಿಡಿ, ಆದರೆ ಓದಿ. ನನಗಂತೂ ಈಗ ನಕ್ಕು ಮುಗಿಯದಷ್ಟು ಸಂತೋಷವಾಗಿದೆ — ಹೌದು, ಸಂತೋಷ! ಮೊಮ್ಮಗಳು ರೇಣು ರಾಯಚೂರಿನಲ್ಲಿ ಎರಡು ವರ್ಷ ಫೋಟೋ ಕೆಲಸ ಕಲಿತು ಬಂದು, ನಮ್ಮ ಮಗ್ಗದ ಮನೆಯ ಮೇಲಿನ ಖೋಲಿಯಲ್ಲೇ ಸೀರೆ ಫೋಟೋ ತೆಗೆಯುವ ಅಂಗಡಿ ಹಾಕಿದ್ದಾಳೆ. ಗೋಡೆಗೆ ಬೂದಿ ಬಣ್ಣ, ಕಿಟಕಿಗೆ ದಪ್ಪ ಪರದೆ, ನಡುವೆ ಬಾಗಿಲಿನ ಅರ್ಧದಷ್ಟು ದೊಡ್ಡ ಸ್ಕ್ರೀನು. ನಾನು ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ನೋಡಿ ಬರುತ್ತೇನೆ. ಮೊಣಕಾಲು ಬಯ್ಯುತ್ತದೆ, ಬಯ್ಯಲಿ. ನನ್ನ ಹುಡುಗಿ ಕುರ್ಚಿಯ ಮೇಲೆ ಹಾಗೆ ಕೂತಿರುತ್ತಾಳೆ — ತಹಸೀಲ್ದಾರನೂ ಹಾಗೆ ಕೂರುವುದಿಲ್ಲ. ನೋಡಿದರೆ ನನ್ನ ಎದೆ ಉಬ್ಬಿ ರವಿಕೆ ಬಿಗಿಯಾಗುತ್ತದೆ.

ಈ ಸಂತೋಷವೇ ನನ್ನನ್ನು ಸಿಕ್ಕಿಸಿತು. ದುಃಖದಲ್ಲಿ ನಾನು ಎಷ್ಟು ಬೇಕಾದರೂ ಮುಚ್ಚಿಡಬಲ್ಲೆ, ಮುಚ್ಚಿಟ್ಟಿದ್ದೆ ಕೂಡ. ಸಂತೋಷ ಹಾಗಲ್ಲ — ಅದು ಉಕ್ಕುವಾಗ ತಳದಲ್ಲಿ ಇದ್ದದ್ದನ್ನೂ ಎತ್ತಿಕೊಂಡು ಬರುತ್ತದೆ.

ಹದಿನಾಲ್ಕು ವರ್ಷದ ಹಿಂದೆ ನಾರಾಯಣಪೇಟೆ ಇನ್ನೂ ಜಿಲ್ಲೆ ಆಗಿರಲಿಲ್ಲ. ಕಂಪ್ಯೂಟರಿನಲ್ಲಿ ಸೀರೆ ತೋರಿಸಿ ಮಾರುವುದು ಆಗ ಹೊಸದು. ನನ್ನ ಮಗ್ಗದಿಂದ ಒಂದು ಬದನೆಕಾಯಿ ಬಣ್ಣದ ಸೀರೆ ಇಳಿದಿತ್ತು. ಬಣ್ಣ ಹಾಕಿದವನು ಮೈಲಾರಿ, ನನ್ನ ತಮ್ಮ. ಅವ್ವ ಸತ್ತಾಗ ಅವನಿಗೆ ಆರು ವರ್ಷ, ನನಗೆ ಹದಿನಾಲ್ಕು. ನನ್ನ ಸೊಂಟದ ಮೇಲೇ ಬೆಳೆದವನು. ದೊಡ್ಡವನಾಗಿ ನಮ್ಮ ಓಣಿಗೆಲ್ಲ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದ. ಒಂದೊಂದು ಹಂಡೆ ಬಣ್ಣ ಇಳಿಸಿದಾಗಲೂ ಅದರಿಂದ ಒಂದು ಎಳೆ ನೂಲು ತೆಗೆದು ಉದ್ದನೆಯ ಹುರಿಗೆ ಗಂಟು ಹಾಕಿ ಇಡುವುದು ಅವನ ಪದ್ಧತಿ. ಮುಂದೆ ಅದೇ ಬಣ್ಣ ಬೇಕೆಂದರೆ ಆ ಗಂಟು ನೋಡಿ ಹಾಕುತ್ತಿದ್ದ. ಅಪ್ಪನ ಕಾಲದ ಎಳೆಗಳೂ ಆ ಹುರಿಯಲ್ಲಿದ್ದವು.

ಆ ಸೀರೆಯ ಫೋಟೋ ತೆಗೆಸಲು ಖಾಜಾನ ಸ್ಟುಡಿಯೋಗೆ ಹೋದೆ. ಖಾಜಾ ಮೆತ್ತನೆಯ ಮನುಷ್ಯ, ಮದುವೆ ಫೋಟೋ ತೆಗೆಯುತ್ತಿದ್ದ. ಫೋಟೋ ಕಂಪ್ಯೂಟರಿಗೆ ಹಾಕಿದ. ನೋಡಿದೆ — ಸೀರೆ ನೀಲಿ ನೀಲಿಯಾಗಿ ಸತ್ತಂತೆ ಕಾಣುತ್ತಿತ್ತು.

“ಇದು ನನ್ನ ಸೀರಿ ಅಲ್ಲ” ಎಂದೆ.

“ಅಕ್ಕಾ, ನನ್ನ ಸ್ಕ್ರೀನು ಹಳೇದೈತ್ರಿ. ಅದಕ್ಕ ಹಂಗ ಕಾಣ್ತೈತಿ. ಫೋಟೋ ಸರಿ ಐತಿ, ಬಿಡ್ರಿ.”

“ನನಗ ಬಣ್ಣ ಕಲಿಸ್ತೀಯೇನು? ಕೆಂಪು ಏರಿಸು.”

ಅವನ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಸೀರೆಯ ಸೆರಗನ್ನು ಸ್ಕ್ರೀನಿಗೆ ಒತ್ತಿ ಹಿಡಿದು, ಇನ್ನಷ್ಟು ಏರಿಸು, ಇನ್ನಷ್ಟು, ನೀಲಿ ಇಳಿಸು, ನಿಲ್ಲು, ಒಂದು ಕೂದಲೆಳೆ ಹಿಂದೆ ಬಾ — ಹಾಗೆ ಒಂದು ತಾಸು. ಕೊನೆಗೆ ಸೆರಗು ಯಾವುದು, ಫೋಟೋ ಯಾವುದು ಎಂದು ತಿಳಿಯದಂತೆ ಎರಡೂ ಒಂದಾದವು. ಗೆದ್ದೆ ಅನಿಸಿತು. ನಮ್ಮ ಓಣಿಯಲ್ಲಿ ನೂಲಿನ ಬಣ್ಣದ ಜಗಳ ಬಂದರೆ ನನ್ನನ್ನೇ ಕರೆಯುತ್ತಿದ್ದರು. ಶರಣಮ್ಮನ ಕಣ್ಣು ತಪ್ಪಂಗಿಲ್ಲ — ಈ ಮಾತು ಕೇಳಿ ಕೇಳಿ ನಾನೂ ನಂಬಿದ್ದೆ.

ಆ ಸೀರೆ ಗದ್ವಾಲದ ಒಂದು ಅಂಗಡಿಗೆ ಹೋಯಿತು. ಫೋಟೋ ಆ ಅಂಗಡಿಯಿಂದಲೇ ಹೈದರಾಬಾದಿನ ಒಂದು ಮದುವೆ ಮನೆಗೆ ಹೋಯಿತು. ಅವರು ಹನ್ನೊಂದು ಸೀರೆ ಬೇಕು, ಫೋಟೋದಾಗ ಇದ್ದ ಹಾಗೇ ಬೇಕು ಎಂದರು. ಮೈಲಾರಿ ನೂಲಿಗೆ ಬಣ್ಣ ಹಾಕಿದ, ನಾವು ನೇಯ್ದೆವು, ಕಳಿಸಿದೆವು. ಹನ್ನೊಂದೂ ತಿರುಗಿ ಬಂದವು. ಜೊತೆಗೆ ಆ ಫೋಟೋವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕಳಿಸಿದ್ದರು — ನೀವು ತೋರಿಸಿದ್ದು ಇದು, ಕೊಟ್ಟದ್ದು ಅದು, ಮದುವೆ ಮನೆಗೆ ಮೋಸ ಮಾಡಿದ್ದೀರಿ ಎಂದು.

ಕಾಗದದ ಮೇಲಿನ ಸೀರೆ ದಾಸವಾಳದಂತೆ ಕೆಂಪಗೆ ಉರಿಯುತ್ತಿತ್ತು. ನನ್ನ ಮಡಿಲಲ್ಲಿದ್ದ ಸೀರೆಗಳು ಬದನೆಕಾಯಿ.

ಯಾರಾದರೂ ಆಗ ಏನು ಯೋಚಿಸಬೇಕಿತ್ತು? ಫೋಟೋ ತಪ್ಪು ಎಂದು. ನಾನು ಹಾಗೆ ಯೋಚಿಸಲಿಲ್ಲ. ಫೋಟೋ ತಪ್ಪಾಗುವುದು ಹೇಗೆ — ನಾನೇ ಕೂತು, ನನ್ನ ಕಣ್ಣಿನಿಂದ, ಎಳೆಗೆ ಎಳೆ ಹೊಂದಿಸಿದ್ದೆ! ಫೋಟೋ ಸರಿ ಇದ್ದರೆ ಮೊದಲನೇ ಸೀರೆ ಕೆಂಪಗೇ ಇದ್ದಿರಬೇಕು. ಅದು ಕೆಂಪಗಿದ್ದರೆ ಇವು ಬದನೆಕಾಯಿ ಆದದ್ದು ಬಣ್ಣದವನಿಂದ. ನನ್ನ ನೆನಪೇ ಬದನೆಕಾಯಿ, ಬದನೆಕಾಯಿ ಎಂದು ಒಳಗೆ ಕೂಗುತ್ತಿತ್ತು. ಅದರ ಕತ್ತು ಹಿಸುಕಿದೆ.

ಮಧ್ಯಾಹ್ನದ ಹೊತ್ತು, ಬಿಸಿಲು ನೆಲ ಸುಡುತ್ತಿತ್ತು. ಕಾಗದ ಹಿಡಿದುಕೊಂಡು ಮೈಲಾರಿಯ ಬಣ್ಣದ ಅಂಗಳಕ್ಕೆ ನುಗ್ಗಿದೆ. ಅವನು ಹಂಡೆಯ ಮುಂದೆ ನಿಂತು ಕೋಲಿನಿಂದ ನೂಲು ತಿರುಗಿಸುತ್ತಿದ್ದ.

“ಬಾ ಅಕ್ಕಾ. ಮಾರಿ ಯಾಕ ಮೆಣಸಿನಕಾಯಿ ಆಗೈತಿ?” ಎಂದು ನಕ್ಕ.

ಕಾಗದ ಅವನ ಮುಖಕ್ಕೆ ಎಸೆದೆ. “ಇದು ಯಾವ ಬಣ್ಣ?”

“ದಾಸವಾಳ.”

“ನೀ ಹಾಕಿದ್ದು?”

“ಬದನಿಕಾಯಿ. ಮೊದಲನೇ ಸೀರಿಗೂ ಅದನ್ನೇ ಹಾಕಿದ್ದೆ. ಫೋಟೋ ತಪ್ಪೈತಿ ಅಕ್ಕಾ.”

“ಫೋಟೋ ನಾ ಕೂತು ಮಾಡಿಸೀನಲೇ! ಅಗ್ಗದ ಪುಡಿ ಕಲಸಿ, ನನ್ನ ಕಣ್ಣು ತಪ್ಪು ಅಂತೀಯಾ?”

ಅವನು ಕೋಲನ್ನು ಹಂಡೆಗೆ ಒರಗಿಸಿದ. ಒಳಗೆ ಹೋಗಿ ಆ ಹುರಿ ತಂದ. ಮೊದಲನೇ ಸೀರೆಯ ಎಳೆ ಹುಡುಕಿ ಹಿಡಿದು ತೋರಿಸಿದ. ನಾನು ನೋಡಲಿಲ್ಲ. ದೇವರಾಣೆ, ನೋಡಲಿಲ್ಲ — ನೋಡಿದರೆ ಮುಗಿದುಹೋಗುತ್ತಿತ್ತು ಎಂದು ಎಲ್ಲೋ ಗೊತ್ತಿತ್ತೇನೋ. “ಇವತ್ತು ಮುಂಜಾನೆ ಅದ್ದಿ ಕಟ್ಟೀದಿ” ಎಂದು ಕಿತ್ತುಕೊಂಡು ಇಡೀ ಹುರಿಯನ್ನೇ ಹಂಡೆಯ ಕೆಳಗಿನ ಬೆಂಕಿಗೆ ಎಸೆದೆ. ಅಪ್ಪನ ಕಾಲದ ಎಳೆಗಳು, ಅವನ ಎಳೆಗಳು, ನೂರಾರು ಬಣ್ಣ — ಚಟಪಟ ಎಂದು ಹೋದವು. ಅವನು ಬೆಂಕಿಗೆ ಕೈ ಹಾಕಲು ಬಗ್ಗಿದ. ಅವನ ಬೆನ್ನಿನ ಮೇಲೆ ಬಣ್ಣದ ಕೋಲಿನಿಂದ ಹೊಡೆದೆ. ಎರಡು, ಮೂರು. ಕೋಲು ಮುರಿಯಿತು.

ಓಣಿಯವರು ಸೇರಿದರು. ಮೈಲಾರಿ ಎದ್ದು, ಗೂಡಿನಿಂದ ದೇವರ ಭಂಡಾರದ ಚೀಲ ತಂದು, ಅರಿಶಿಣ ಅಂಗೈ ತುಂಬ ಹಿಡಿದು ಎಲ್ಲರ ಮುಂದೆ ನಿಂತ. “ಮೈಲಾರಲಿಂಗನ ಆಣಿ. ನಾ ಬಣ್ಣ ಬದಲು ಮಾಡಿಲ್ಲ” ಎಂದ. ನಮ್ಮ ಕುಲದಲ್ಲಿ ಅದರ ಮುಂದೆ ಮಾತಿಲ್ಲ. ನಾನು ಆ ಅಂಗೈಗೆ ಹೊಡೆದೆ. ಭಂಡಾರ ಚೆಲ್ಲಿ ಅವನ ಮುಖಕ್ಕೆ, ನನ್ನ ಸೀರೆಗೆ, ನೆಲಕ್ಕೆ ಬಿತ್ತು.

“ಈ ಕೈಯೇ ಅಲ್ಲೇನು ಕಲಸಿದ್ದು? ಈ ಕೈಯೇ ಅಲ್ಲೇನು?”

ಮಣಿಕಟ್ಟು ಹಿಡಿದು ಎಳೆದು ಹಂಡೆಯೊಳಗೆ ಅದ್ದಿದೆ.

ಅವನು ನನಗಿಂತ ಎರಡು ಪಟ್ಟು ಬಲದವನು. ಒಂದು ತಳ್ಳು ತಳ್ಳಿದ್ದರೆ ನಾನೇ ಹಂಡೆಗೆ ಬೀಳುತ್ತಿದ್ದೆ. ತಳ್ಳಲಿಲ್ಲ. “ಅಕ್ಕಾ, ಬ್ಯಾಡ” ಎಂದ. ಆಮೇಲೆ ಅದು ಮಾತಾಗಿ ಉಳಿಯಲಿಲ್ಲ, ಬರೀ ಕೂಗು. ಎಷ್ಟು ಹೊತ್ತು ಹಿಡಿದಿದ್ದೆ ನನಗೆ ತಿಳಿಯದು. ನನ್ನ ಬೆರಳೂ ಬೇಯುತ್ತಿದ್ದವು, ಆದರೂ ಬಿಡಲಿಲ್ಲ. ಅವನ ಹೆಂಡತಿ ಹುಲಿಗೆಮ್ಮ ಇಟ್ಟಿಗೆ ಎತ್ತಿ ನನ್ನ ತಲೆಗೆ ಹೊಡೆದಳು. ರಕ್ತ ಕಣ್ಣಿಗೆ ಇಳಿದಾಗ ಕೈ ಸಡಿಲವಾಯಿತು. ಅವಳು ಹೊಡೆಯದಿದ್ದರೆ — ಗೊತ್ತಿಲ್ಲ. ಅವಳು ಹೊಡೆದದ್ದು ಒಳ್ಳೆಯದಾಯಿತು.

ಓಣಿಯವರೇ, ನೀವೂ ಅಲ್ಲಿ ಇದ್ದಿರಿ, ನಿಮ್ಮಲ್ಲಿ ಕೆಲವರು. ಯಾರೂ ಬಿಡಿಸಲಿಲ್ಲ. “ಶರಣಮ್ಮ ಹೇಳಿದರ ಖರೇನ ಇರ್ತೈತಿ” ಎಂದಿರಿ. ನಿಮ್ಮನ್ನು ದೂರುತ್ತಿಲ್ಲ. ನನ್ನ ಕಣ್ಣಿನ ಮೇಲೆ ನೀವಿಟ್ಟ ನಂಬಿಕೆಯೂ ಅವತ್ತು ಅವನನ್ನು ಹೊಡೆಯಿತು ಎಂದಷ್ಟೇ ಹೇಳುತ್ತೇನೆ. ಅವತ್ತಿನಿಂದ ಅವನಿಗೆ ಬಣ್ಣಗಳ್ಳ ಎಂದು ಹೆಸರು ಬಿತ್ತು. ಕೈ ವಾಸಿಯಾದಾಗ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆದರೂ ಎಡಗೈಯಲ್ಲಿ ಹಾಕುತ್ತೇನೆ, ನೂಲು ಕೊಡಿ ಎಂದು ಮನೆಮನೆಗೆ ಕೇಳಿದನಂತೆ. ಯಾರೂ ಒಂದು ಲಡಿ ನೂಲೂ ಕೊಡಲಿಲ್ಲ. ಗಂಡ ಹೆಂಡತಿ ಮಕ್ತಲಕ್ಕೆ ಹೋಗಿ ಬೇರೆಯವರ ಕುರಿ ಕಾಯತೊಡಗಿದರು.

ಅವರು ಊರು ಬಿಡುವ ಮೊದಲೇ, ಇಪ್ಪತ್ತನೇ ದಿನವೇನೋ, ತಲೆಯ ಗಾಯ ಇನ್ನೂ ಮಾಯುತ್ತಿತ್ತು, ಗದ್ವಾಲದ ಆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಹೊಸ ಕಂಪ್ಯೂಟರು ತಂದಿದ್ದ. ನೋಡಮ್ಮಾ, ನಿನ್ನ ಸೀರೆ ಎಂದು ಖಾಜಾ ಮಾಡಿದ ಅದೇ ಫೋಟೋ ತೆಗೆದು ತೋರಿಸಿದ. ದಾಸವಾಳ. ಆಗಲೇ ಒಳಗಿನಿಂದ ಅವನ ಹೆಂಡತಿ ನೀರು ತಂದಳು — ಅದೇ ಮೊದಲನೇ ಸೀರೆ ಉಟ್ಟುಕೊಂಡು. ಅಂಚಿನ ಮೂಲೆಯಲ್ಲಿ ನನ್ನ ಮಗ್ಗದ ಗುರುತಿನ ಮೂರು ಬಿಳಿ ಎಳೆ. ಬದನೆಕಾಯಿ ಬಣ್ಣ. ಬಾಗಿಲಿನಿಂದ ಬಿದ್ದ ಬಿಸಿಲಿನಲ್ಲಿ, ನನ್ನ ಕಣ್ಣ ಮುಂದೆ, ಮೈಲಾರಿ ಹೇಳಿದಂತೆಯೇ ಬದನೆಕಾಯಿ.

ನೀರು ಕುಡಿಯದೆ ಎದ್ದು ಬಂದೆ.

ಬಸ್ಸಿಳಿದವಳು ಸೀದಾ ಮೈಲಾರಿಯ ಮನೆಗೆ ಹೋಗಬೇಕಿತ್ತು. ಅವನು ಇನ್ನೂ ಊರು ಬಿಟ್ಟಿರಲಿಲ್ಲ. ನನ್ನ ಕಾಲು ಖಾಜಾನ ಸ್ಟುಡಿಯೋಗೆ ಹೋದವು. ಇವನೊಬ್ಬನಿಗೆ ಗೊತ್ತು — ಸ್ಕ್ರೀನು ಹಳೆಯದು ಎಂದು ಹೇಳಿದ್ದ, ನಾನು ಕೇಳಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿದೆ. ಅವನು ಏಳುವ ಮೊದಲೇ ಎರಡು ಕೆನ್ನೆಗೂ ಹೊಡೆದೆ. ಆ ಹಾಳು ಸ್ಕ್ರೀನನ್ನು ಮೇಜಿನಿಂದ ತಳ್ಳಿದೆ, ಗಾಜು ಒಡೆದು ಅವನ ಕಾಲ ಮೇಲೆ ಬಿತ್ತು.

“ಬಾಯಿ ಬಿಟ್ಟಿ ಅಂದ್ರ, ನಿನ್ನ ಕೈನೂ ಅದೇ ಹಂಡೇದಾಗ ಅದ್ದತೀನಿ.”

ತಮ್ಮನನ್ನು ಸುಟ್ಟಾಗ ನಾನು ಮೂರ್ಖಳಾಗಿದ್ದೆ. ಈ ಮಾತು ಆಡಿದಾಗ ಮೂರ್ಖಳಾಗಿರಲಿಲ್ಲ. ಎಲ್ಲ ತಿಳಿದು ಆಡಿದೆ. ಶರಣಮ್ಮನ ಕಣ್ಣು ತಪ್ಪಿತು ಎಂದು ಓಣಿ ಆಡಿಕೊಳ್ಳಬಾರದಿತ್ತು — ಇಷ್ಟೇ, ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ಒಬ್ಬ ಮನುಷ್ಯನ ಹೆಸರು ಒಂದು ಕಡೆ, ನನ್ನ ಕಣ್ಣಿನ ಹೆಸರು ಇನ್ನೊಂದು ಕಡೆ. ನನ್ನದನ್ನು ಉಳಿಸಿಕೊಂಡೆ.

ಹೋದ ತಿಂಗಳು ರೇಣು ಅಂಗಡಿ ತೆರೆದಳು. ಓಣಿಯ ನೇಕಾರರೆಲ್ಲ ಮೆಟ್ಟಿಲ ತನಕ ತುಂಬಿದ್ದರು. ಸಾಬೂನಿನಷ್ಟು ಒಂದು ಕರಿ ಡಬ್ಬಿಯನ್ನು ಸ್ಕ್ರೀನಿನ ಮೇಲೆ ಜೋತುಬಿಟ್ಟಳು. ಸ್ಕ್ರೀನು ಕೆಂಪು, ಹಸಿರು, ನೀಲಿ, ಬೂದಿ ಎಂದು ಬಣ್ಣ ಬದಲಿಸುತ್ತ ಹೋಯಿತು, ಡಬ್ಬಿ ಅವನ್ನೆಲ್ಲ ಅಳೆಯಿತು. “ಸ್ಕ್ರೀನೂ ಸುಳ್ಳು ಹೇಳ್ತೈತ್ರಿ” ಎಂದಳು. “ವಯಸ್ಸಾದಂಗ ನೀಲಿಗೆ ಹೋಗ್ತೈತಿ, ಇಲ್ಲಾ ಹಳದಿಗೆ. ಕಣ್ಣು ಅದಕ್ಕ ಹೊಂದಿಕೊಂಡುಬಿಡ್ತೈತಿ. ಅದಕ್ಕ ಕಣ್ಣು ನಂಬಬಾರದು, ಮೊದಲು ಅಳೀಬೇಕು, ಆಮ್ಯಾಲೆ ಫೋಟೋ ಮುಟ್ಟಬೇಕು.” ಅವಳ ಮಾತು ಕೇಳಿ ಹಿಗ್ಗಿನಿಂದ ನನ್ನ ಕಣ್ಣಲ್ಲಿ ನೀರು. ಅವಳು ಮುಂದುವರಿಸಿದಳು:

“ನಮ್ಮ ಮನಿಯಾಗೇ ಒಬ್ಬ ಬಣ್ಣಗಳ್ಳ ಇದ್ದ. ನಮ್ಮಜ್ಜಿ ತಮ್ಮನೇ. ಅಂಥಾ ಮೋಸ ಮತ್ತ ಆಗಬಾರದು ಅಂತ ಈ ಅಂಗಡಿ ಹಾಕೀನಿ.”

ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಸುಳ್ಳು ನನ್ನ ಕೂಸಿನ ಬಾಯಿಂದ ಬಂತು. ನನ್ನ ಕೈಯೂ ಚಪ್ಪಾಳೆ ಹೊಡೆಯಿತು — ಅದನ್ನೂ ಹೇಳಿಬಿಡುತ್ತೇನೆ.

ಮರುದಿನ ಅವಳೊಬ್ಬಳೇ ಹಳೆಯ ಫೋಟೋಗಳನ್ನು ನೋಡುತ್ತಿದ್ದಳು. ಸ್ಟುಡಿಯೋ ಮುಚ್ಚಿದಾಗ ಖಾಜಾ ತನ್ನ ಡಿಸ್ಕುಗಳನ್ನೆಲ್ಲ ಅವಳಿಗೆ ಕೊಟ್ಟಿದ್ದ. “ಅಜ್ಜಿ, ಬಾ ಇಲ್ಲಿ, ನಗು ಬರ್ತೈತಿ” ಎಂದು ಕರೆದಳು. ಎರಡು ಫೋಟೋ ಪಕ್ಕ ಪಕ್ಕ. ಒಂದು ಬದನೆಕಾಯಿ, ಒಂದು ದಾಸವಾಳ. “ಇದು ಕ್ಯಾಮೆರಾದಾಗ ಇದ್ದದ್ದು, ಇದು ಆಮ್ಯಾಲೆ ತಿದ್ದಿದ್ದು. ಯಾವ ಪುಣ್ಯಾತ್ಮ ಕೂತು ಹಿಂಗ ಕೆಂಪು ಸುರುವ್ಯಾನೋ! ಅವನ ಸ್ಕ್ರೀನು ನೀಲಿಗೆ ಹೋಗಿತ್ತು, ಅದಕ್ಕ…”

ಅಲ್ಲಿಗೆ ನಿಂತಳು. ಚುರುಕು ಹುಡುಗಿ. ಆ ಸೀರೆಯ ಕಥೆ ಅವಳಿಗೆ ಗೊತ್ತು, ನಾನೇ ಸಾವಿರ ಸಲ ಹೇಳಿದ್ದೆ. ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದಳು.

“ಅಜ್ಜಿ. ಮೈಲಾರಜ್ಜನ ಬಣ್ಣ ತಪ್ಪಿರಲಿಲ್ಲಲ್ಲ?”

ನನಗೇನು ಗೊತ್ತವ್ವಾ — ಈ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹದಿನಾಲ್ಕು ವರ್ಷ ಸವೆದ ದಾರಿ ಅದು. ಆದರೆ ಆ ಹುಡುಗಿ ಹಾಗೆ ಕಾಯುತ್ತಿದ್ದಳು… “ಇಲ್ಲ” ಎಂದೆ. “ನನಗ ಗೊತ್ತಿತ್ತು” ಎಂದೆ. ಗದ್ವಾಲ ಹೇಳಿದೆ, ಖಾಜಾನ ಕೆನ್ನೆ ಹೇಳಿದೆ. ಅವಳು ಕೂಗಾಡಲಿಲ್ಲ. ನನ್ನ ಕೈ ಹಿಡಿದಿದ್ದಳು, ಅದನ್ನು ಮೆಲ್ಲಗೆ ಕೆಳಗಿಟ್ಟಳು — ಬಿಸಿ ಪಾತ್ರೆ ಇಟ್ಟಂತೆ. “ನಾ ಎಲ್ಲಾರ ಮುಂದ ಅವನಿಗೆ ಕಳ್ಳ ಅಂದೆ. ನೀ ಕೂತು ಕೇಳಿದಿ” ಎಂದಳು. ಅದಕ್ಕಿಂತ ಹುಲಿಗೆಮ್ಮನ ಇಟ್ಟಿಗೆ ಮೆತ್ತಗಿತ್ತು.

ಮರುದಿನ ಇಬ್ಬರೂ ಮಕ್ತಲಕ್ಕೆ ಹೋದೆವು. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ.

ಹುಲಿಗೆಮ್ಮ ಬಾಗಿಲಲ್ಲೇ ನಿಂತಳು. “ಬಂದ್ಯಾ? ಎಡಗೈ ಒಂದು ಉಳಿದೈತಿ, ನೀರು ಕಾಸಲೇನು?” ಎಂದಳು. ಮೈಲಾರಿ ಹಟ್ಟಿಯಲ್ಲಿ ಕೂತು ಕುರಿಮರಿಗೆ ಎಡಗೈಯಿಂದ ಮೇವು ತಿನ್ನಿಸುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅಳಬಾರದೆಂದು ಹೋಗಿದ್ದೆ, ಅತ್ತುಬಿಟ್ಟೆ. ಅವನು ಮೇವು ತಿನ್ನಿಸುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಕೇಳಿದ:

“ಅಕ್ಕಾ, ಇದನ್ನ ನನಗ್ಯಾಕ ಹೇಳಾಕತ್ತಿ? ನಾ ತಪ್ಪು ಮಾಡಿಲ್ಲ ಅಂತ ನನಗ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳು.”

ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ರೇಣು ಅವನ ಕಾಲು ಮುಟ್ಟಿ, ಎಳೆಯ ಹುರಿ ಮತ್ತೆ ಕಟ್ಟಿಕೊಡು ಅಜ್ಜ, ನಾನು ಅಳೆದು ಕಾಪಿಡುತ್ತೇನೆ ಎಂದಳು. “ಬಣ್ಣಗಳ್ಳನ ಎಳಿ ಯಾರು ನಂಬ್ತಾರವ್ವಾ? ಮೊದಲು ಆ ಹೆಸರು ತೆಗೆಸು” ಎಂದ. ಅವನು ಅವಳಿಗೆ ಹೇಳಿದ, ಆದರೆ ಆ ಕೆಲಸ ಅವಳದಲ್ಲ.

ಅದಕ್ಕೇ ಇದನ್ನು ಬರೆದು ಹಿಡಿದುಕೊಂಡು ಮನೆಮನೆಗೆ ಬರುತ್ತಿದ್ದೇನೆ. ಮೊದಲು ಖಾಜಾನ ಮನೆಗೆ ಹೋದೆ. ಅವನು ನನ್ನನ್ನು ಕಂಡು ಕೈ ಹಿಂದಕ್ಕೆ ಕಟ್ಟಿಕೊಂಡ — ಮುದುಕನಾಗಿದ್ದಾನೆ, ಆದರೂ ಆ ಹಂಡೆಯ ಮಾತು ಮರೆತಿಲ್ಲ. ಕನ್ನಡ ಓದಲು ಬರುವವರ ಕೈಗೆ ಇದನ್ನೇ ಕೊಡುತ್ತೇನೆ, ಉಳಿದವರಿಗೆ ತೆಲುಗಿನಲ್ಲಿ ಹೇಳುತ್ತೇನೆ. ಒಂದು ಮನೆಯಲ್ಲಿ “ಇಪ್ಪುಡೆಂದುಕಮ್ಮಾ, ಪೋನೀ” ಎಂದರು, ಈಗ್ಯಾಕೆ, ಬಿಡು ಎಂದು. ಇನ್ನೊಂದು ಮನೆಯಲ್ಲಿ, ಮೊಮ್ಮಗಳ ಅಂಗಡಿ ಹೊಸದಾಗಿ ತೆರೆದಿದೆ, ಅದರ ಹೆಸರಾದರೂ ನೋಡು, ಸುಮ್ಮನಿರು ಎಂದರು. ಹೌದು, ಅವಳ ಅಂಗಡಿಗೆ ಜನ ಬಾರದೆ ಹೋಗಬಹುದು. ಈ ಮುಪ್ಪಿನಲ್ಲಿ ನನಗೆ ಸಿಕ್ಕ ಸಂತೋಷ ಅದೊಂದೇ. ರೇಣುಗೆ ಕೇಳಿದೆ. “ನೀ ಹೋಗಿ ಹೇಳು” ಎಂದಳು. ಇನ್ನೂ ನನ್ನ ಜೊತೆ ಸರಿಯಾಗಿ ಊಟಕ್ಕೆ ಕೂರುವುದಿಲ್ಲ.

ಮೇಲಿನ ಓಣಿ ಮುಗಿದಿದೆ. ನಾಳೆ ಬೆಳಿಗ್ಗೆ ಕೆಳಗಿನ ಓಣಿ ಹಿಡಿಯುತ್ತೇನೆ. ಬಾಗಿಲು ತೆರೆದರೆ ಒಳಗೆ ಬಂದು ಹೇಳುತ್ತೇನೆ. ತೆರೆಯದಿದ್ದರೆ ಹೊರಗೆ ನಿಂತು, ನಿಮ್ಮ ಪಕ್ಕದ ಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ.